ಫೆನ್ ತೂಗಿ ಕೊಟ್ಟ ಬೇರು

ಮಗಳಿರುವ ಈ ಪರದೇಶದಲ್ಲಿ, ಡ್ಯಾಂಡಿನಾಂಗ್ ರೈಲು ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಫೆನ್ ಅವರ ಚೀನಾ ಔಷಧದ ಅಂಗಡಿ. ವಯಸ್ಸು ಎಪ್ಪತ್ತೊಂದು, ನನಗಿಂತ ಎರಡು ವರ್ಷ ಚಿಕ್ಕವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಾರೆ. ಗೋಡೆ ತುಂಬ ಸಣ್ಣ ಸಣ್ಣ ಖಾನೆ. ಒಳಗೆ ಬೇರು, ತೊಗಟೆ, ಒಣ ಹೂವು. ಹೆಸರು ಓದದೆ ಕೈ ಹಾಕುತ್ತಾರೆ, ಆದರೆ ತೂಗದೆ ಒಂದು ಚೂರೂ ಕೊಡುವುದಿಲ್ಲ. ತೂಗಿದ್ದನ್ನು ಕಾಗದದ ಮೇಲೆ ಹರಡಿ, ಮತ್ತೊಮ್ಮೆ ನೋಡಿ, ಆಮೇಲೆ ಪೊಟ್ಟಣ ಕಟ್ಟುತ್ತಾರೆ.

ನನಗೆ ರಾತ್ರಿಯೆಲ್ಲ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಫೆನ್ ನಾಡಿ ನೋಡಿದರು, ನಾಲಿಗೆ ನೋಡಿದರು. ನನ್ನಷ್ಟೇ ಮುರುಕು ಇಂಗ್ಲಿಷಿನಲ್ಲಿ, "ಬೇರೆ ಔಷಧ ಏನು ತಗೋತೀರಿ?" ಅಂದರು. ಶುಗರ್ ಗುಳಿಗೆ ಒಂದೇ ಅಂದೆ. ಎರಡು ಬಗೆಯ ಬೇರು ಕೊಟ್ಟರು. ಕುದಿಸಿ ಕುಡಿದೆ, ಸೆಳೆತ ನಿಂತಿತು.

ಮೂರನೇ ವಾರ ಕಾಲು ಬಾತವು. ಬಿಪಿ ನೂರಾ ಎಪ್ಪತ್ತೆಂಟು, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಡಾಕ್ಟರು ಚೀನಾ ಔಷಧ ನಿಲ್ಲಿಸಿ ಎಂದರು. ಮಗಳು ಶಾಂಭವಿಗೆ ಸಿಟ್ಟು ನೆತ್ತಿಗೇರಿತು.

"ಅವ್ವಾ, ಕಂಪ್ಲೇಂಟ್ ಟೈಪ್ ಮಾಡೀನಿ. ಸಬ್ಮಿಟ್ ಒತ್ತೂದಷ್ಟ ಬಾಕಿ. ಅಕಿ ಲೈಸೆನ್ಸೇ ಹೋಗ್ಲಿ."

"ಎರಡ ದಿನ ತಡಿ. ತೂಕ ತಪ್ಪೂ ಹೆಣ್ಮಗಳಲ್ಲ ಅಕಿ."

"ಕಾಲು ನೋಡ್ಕೋ, ಆನೀ ಕಾಲ ಆಗ್ಯಾವು! ಇನ್ನೂ ಅಕಿ ಪರ ಮಾತಾಡ್ತಿ."

ಮರುದಿನ ಬಸ್ ಹತ್ತಿ ಹೋಗಿ ಎಲ್ಲ ಹೇಳಿದೆ, ಕಂಪ್ಲೇಂಟಿನ ವಿಷಯವನ್ನೂ. ಫೆನ್ ಮುಖ ಬಿಳಿಚಿತು. ವಾದ ಮಾಡಲಿಲ್ಲ. ನನ್ನ ಹೆಸರಿನ ಪುಟ ತೆರೆದು, ಪೆನ್ನು ಹಿಡಿದು ಕೇಳಿದರು:

"ಸಿಸ್ಟರ್, ಎದ್ದಾಗಿನಿಂದ ಮಲಗುವ ತನಕ ನಿಮ್ಮ ಬಾಯಿಗೆ ಏನೇನು ಹೋಗುತ್ತದೆ?"

ಚಹಾ, ರೊಟ್ಟಿ, ಪಲ್ಯ, ಮೂರು ಸಲ ಕಷಾಯ ಅಂದೆ.

"ಕಷಾಯ? ಅಂದು ಹೇಳಲಿಲ್ಲ?"

"ಅದು ಔಷಧ ಅಲ್ಲವಲ್ಲ, ಥಂಡಿಗೆ ಕುಡಿಯುವುದು."

ಬಸ್ಸಿನಲ್ಲಿ ಬೇಕೆಂದು ಫ್ಲಾಸ್ಕಿನಲ್ಲಿ ತಂದಿದ್ದೆ. ಮುಚ್ಚಳಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿಕೊಂಡರು. ಒಂದು ಖಾನೆ ಎಳೆದು ಓರೆಯಾಗಿ ಕೊಯ್ದ ಕಂದು ಬಿಲ್ಲೆ ನನ್ನ ಅಂಗೈಗಿಟ್ಟು, ಅಗಿಯಿರಿ ಅಂದರು.

ಅಯ್ಯ, ಜೇಷ್ಠಮಧು!

ನಮ್ಮಲ್ಲಿ ಕಡ್ಡಿಯಾಗಿ ಸಿಗುತ್ತದೆ. ಇಲ್ಲಿ ಕೊಯ್ದು, ಜೇನು ಹಾಕಿ ಹುರಿದದ್ದು, ಇನ್ನೊಂದು ಬೇರಿನ ಜೊತೆ ಕುದಿಸಿದಾಗ ಗುರುತು ಸಿಕ್ಕಿರಲಿಲ್ಲ. ಶುಗರಿದೆ, ಬೆಲ್ಲ ಬೇಡವೆಂದು ಕಷಾಯದ ಪುಡಿಗೆ ಸಿಹಿಗಾಗಿ ನಾನೇ ಜೇಷ್ಠಮಧು ದುಪ್ಪಟ್ಟು ಬೆರೆಸಿದ್ದೆ. ಈ ಬೇರು ಅತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ ಎಂದು ಹೇಳಿ ಫೆನ್ ಲೆಕ್ಕ ಹಾಕಿದರು: ಅವರು ತೂಗಿ ಕೊಟ್ಟದ್ದಕ್ಕಿಂತ ಮೂರು ಪಾಲು ಹೆಚ್ಚು ನನ್ನ ಲೋಟದಿಂದಲೇ ಹೋಗಿತ್ತು.

"ನನ್ನದೂ ತಪ್ಪು. ಔಷಧ ಏನು ಅಂತ ಕೇಳಿದೆ, ಏನು ಕುಡೀತೀರಿ ಅಂತ ಕೇಳಲಿಲ್ಲ," ಅಂದರು. ಎರಡರ ತೂಕವನ್ನೂ ಗ್ರಾಮಿನಲ್ಲಿ ಬರೆದು ಡಾಕ್ಟರಿಗೆ ಚೀಟಿ ಕೊಟ್ಟರು.

ಬೇರು, ಕಷಾಯ ಎರಡೂ ಬಿಟ್ಟೆ. ಡಾಕ್ಟರು ಕೊಟ್ಟ ಪೊಟ್ಯಾಸಿಯಂ ಗುಳಿಗೆ ನುಂಗಿದೆ. ಹದಿನಾರನೇ ದಿನ ಬಿಪಿ ನೂರಾ ಮೂವತ್ತನಾಲ್ಕು, ಪೊಟ್ಯಾಸಿಯಂ ಸರಿ, ಬಾವು ಇಳಿದಿತ್ತು. ಎರಡೂ ಕೂಡಿ ಆದದ್ದೆಂದು ಡಾಕ್ಟರೂ ಹೇಳಿದರು. ಅಲ್ಲಿತನಕ ಒತ್ತದೆ ಇಟ್ಟಿದ್ದ ಕಂಪ್ಲೇಂಟನ್ನು ಶಾಂಭವಿ ನನ್ನೆದುರೇ ಅಳಿಸಿದಳು. ಪೂರ್ತಿ ಹೋಯಿತೇ ಅಂತ ಎರಡು ಸಲ ತೋರಿಸಿಕೊಂಡೆ.

ಶನಿವಾರ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋದೆ. "ಸಾರಿ, ಆಂಟಿ," ಅಂದಳು. ಫೆನ್ ಸ್ಟೂಲಿನ ಮೇಲೆ ಕುಸಿದು ಕುಳಿತು ಉಸಿರು ಬಿಟ್ಟರು. ಗಿರಾಕಿ ಎದುರು ಅವರು ಕುಳಿತದ್ದನ್ನು ಅದೇ ಮೊದಲು ಕಂಡದ್ದು. ಸ್ವಲ್ಪ ಹೊತ್ತಿಗೆ ಪೆನ್ನು ಎತ್ತಿಕೊಂಡರು.

"ನೀನು ದಿನಕ್ಕೆ ಏನೇನು ಕುಡೀತಿ?"

"ಕಾಫಿ. ಆರು ಕಪ್."

"ಆರು!" ನಾವಿಬ್ಬರೂ ಒಟ್ಟಿಗೇ ಕೂಗಿದೆವು.