ಅಂಬಾರಾಯನ ಹಸಿವು

ಅಂಬಾರಾಯ ಊಟಕ್ಕೆ ಕೂತರೆ ತಾಟು ಬಿಟ್ಟು ಕಣ್ಣೆತ್ತುತ್ತಿರಲಿಲ್ಲ. ಅಷ್ಟು ಸಂಕೋಚದ ಮನುಷ್ಯ. ಗುಲಬರ್ಗಾ ಕಡೆಯವನು, ಮುಂಬಯಿ ಹತ್ತಿರದ ಕಲ್ಯಾಣದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಮುಂಬ್ರಾದ ಗುಡ್ಡದ ಮೇಲೆ ಒಂದೇ ಕೋಣೆಯಲ್ಲಿ ಊರಿನ ನಾಲ್ಕಾರು ಹಮಾಲರ ಜತೆ ವಾಸ. ಅವರಲ್ಲಿ ಹಿರಿಯನಾದ ಜಟ್ಟೆಪ್ಪನ ಹೆಂಡತಿ ಸತ್ಯಮ್ಮ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಎಲ್ಲರದು, ಬುಟ್ಟಿ ಒಂದೇ. ತಡವಾಗಿ ಬಂದವನಿಗೆ ಅದರಲ್ಲಿ ಉಳಿದಷ್ಟೇ.

ತೊಂಬತ್ತಾರನೇ ಇಸವಿಯಲ್ಲಿ ಅವನಿಗೆ ಕ್ಷಯ ಅಂಟಿತು. ಸರ್ಕಾರಿ ದವಾಖಾನೆಯ ಗುಳಿಗೆ ಶುರುವಾದ ಮೇಲೆ ಜ್ವರ ಬಿಟ್ಟಿತು, ಕೆಮ್ಮು ತಗ್ಗಿತು, ಹಸಿವು ಮಾತ್ರ ಕೆರಳಿತು. ಎಷ್ಟು ತಿಂದರೂ ಸಾಲದು. ಒಂದು ಸಂಜೆ ಕೋಣೆಯವರಲ್ಲಿ ಕೊನೆಗೆ ಬಂದ ಗುರುನಾಥ ಬುಟ್ಟಿಯ ತಳ ನೋಡಿ, ನೀರು ಕುಡಿದು ಮಲಗಿದ. ಸತ್ಯಮ್ಮ ಅಂಬಾರಾಯನಿಗೆ ತಮಾಷೆಗೆಂದೇ ಅಂದಳು: "ತಮ್ಮಾ, ನಿನಗ ರೊಟ್ಟಿ ಬಡೀಬೇಕಂದ್ರ ಈ ಮುಂಬ್ರಾ ಗುಡ್ಡನ ಬೀಸಬೇಕಾಗ್ತದ ನೋಡು."

ಎಲ್ಲರೂ ನಕ್ಕರು. ಅಂಬಾರಾಯನೂ ನಕ್ಕ. ಮರುದಿನದಿಂದ ಗುಳಿಗೆ ಬಿಟ್ಟ.

ಕೆಲವು ವಾರಗಳಲ್ಲಿ ಹಸಿವು ಇಳಿಯಿತು. ಅವನಿಗೆ ಅದೇ ನೆಮ್ಮದಿ. ಅದರ ಬೆನ್ನಿಗೇ ಕೆಮ್ಮು ಮರಳಿತು. ಗುಳಿಗೆ ಒಯ್ಯಲು ಬಾರದ್ದನ್ನು ಕಂಡು ದವಾಖಾನೆಯವನು ಗುಡ್ಡ ಹತ್ತಿ ಬಂದು, ಊರಿಗೆ ಹೋಗಿದ್ದೆಯಾ, ಕುಡಿಯುತ್ತೀಯಾ ಎಂದೆಲ್ಲ ಕೇಳಿದ. ಮರೆತೆ ಎಂದ ಅಂಬಾರಾಯ. ಬೇಜವಾಬ್ದಾರಿ ಎಂದು ಬೈದು ಅವನು ಇಳಿದುಹೋದ. ಹೊಟ್ಟೆಬಾಕ ಅನ್ನಿಸಿಕೊಳ್ಳುವುದಕ್ಕಿಂತ ಇವನಿಗೆ ಅದೇ ವಾಸಿಯಾಗಿತ್ತು. ಮರ್ಯಾದೆಗಾಗಿ ಸಾಯಲು ಹೊರಟವರನ್ನು ನಾವು ಎಷ್ಟು ಸಲೀಸಾಗಿ ಬೈದುಬಿಡುತ್ತೇವೆ! ನೆನೆದರೆ ನನಗೆ ಸಿಟ್ಟು ಬರುತ್ತದೆ.

ಸತ್ಯಮ್ಮ ಮಾತ್ರ ನಂಬಲಿಲ್ಲ. ಬಿಡದೆ ಕೇಳಿದಳು. ಅವನು ನೆಲ ನೋಡುತ್ತ ಹೇಳಿದ: "ಗುಳಿಗಿ ತಗೊಂಡ್ರ ಹಸಿವಿ ತಡಿಯಾಂಗಿಲ್ಲ ಅಕ್ಕಾ. ಗುರುನಾಥ ಅವತ್ತ ಬರೇ ನೀರ ಕುಡುದು ಮಲಗಿದ."

ಮರುದಿನ ಸತ್ಯಮ್ಮ ತಾನೇ ಅವನನ್ನು ದವಾಖಾನೆಗೆ ಕರೆದೊಯ್ದು ಮತ್ತೆ ಗುಳಿಗೆ ಶುರುಮಾಡಿಸಿದಳು. ಅಂದಿನಿಂದ ಅವನ ರೊಟ್ಟಿ ಮೊದಲೇ ತೆಗೆದಿಡುತ್ತಿದ್ದಳು. ಆದರೆ ಈ ಸಲ ಹಸಿವೇ ಬರಲೊಲ್ಲದು. ಅರ್ಧ ರೊಟ್ಟಿ ಮುರಿದು ತಾಟು ಸರಿಸುತ್ತಿದ್ದ. ಜಟ್ಟೆಪ್ಪ ಗದರಿದ, ಗುರುನಾಥ ಪುಸಲಾಯಿಸಿದ. ಇಡೀ ಕೋಣೆ ಒಬ್ಬನ ಹಸಿವಿಗಾಗಿ ಕಾಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ, ಎಲ್ಲರ ಊಟ ಮುಗಿಯುವ ಹೊತ್ತಿಗೆ, ಅಂಬಾರಾಯ ತಾಟಿನಿಂದ ತಲೆಯೆತ್ತಿದ.

"ಅಕ್ಕಾ, ಇನ್ನೊಂದ ಅದ ಏನು?"

ಬುಟ್ಟಿ ಖಾಲಿಯಾಗಿತ್ತು. ಸತ್ಯಮ್ಮನಿಗೆ ಅಳು ಬಂತು. ಗುರುನಾಥ ಆಗಲೇ ಎದ್ದು ಸ್ಟೋವಿಗೆ ಪಂಪು ಹೊಡೆಯುತ್ತಿದ್ದ.