ಮೂಡು ಬದಿಯ ಹಗ್ಗಗಳು

ಹಗ್ಗದ ಮೂರನೆಯ ಗಂಟು ಉಳಿದವುಗಳಿಗಿಂತ ಕಪ್ಪಾಗಿತ್ತು. ಒಟ್ಟು ಐದು ಗಂಟುಗಳು, ಒಂದರಿಂದ ಇನ್ನೊಂದಕ್ಕೆ ಸುಮಾರು ಒಂದು ಗೇಣು. ಮೊದಲನೆಯ ಗಂಟನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿದರೆ ಮಾಡಿನ ಕೆಳಗಿರುವ ವೆಂಟಿಲೇಟರಿನ ಬಾಗಿಲು ಎರಡು ಬೆರಳಿನಷ್ಟು ತೆರೆಯುತ್ತಿತ್ತು, ಐದನೆಯದಕ್ಕೆ ಪೂರ್ತಿ. ಮೂರನೆಯದು ಕಪ್ಪಾದದ್ದು ಕೈಯ ಬೆವರಿಗೆ. ವರ್ಷದ ಹೆಚ್ಚಿನ ದಿನಗಳು ಮೂರನೆಯ ಗಂಟಿನ ದಿನಗಳು ಎಂದು ಅದನ್ನು ನೋಡಿಯೇ ಹೇಳಬಹುದಿತ್ತು.

ಅಂಥ ಹನ್ನೆರಡು ಹಗ್ಗಗಳಿದ್ದವು. ಪೂರ್ವದ ಮೂಡು ಬದಿಗೆ ಆರು, ಪಶ್ಚಿಮದ ಪಡು ಬದಿಗೆ ಆರು. ಕದ್ರಿ ಗುಡ್ಡದ ಇಳಿಜಾರಿನಲ್ಲಿರುವ ಆ ಕಟ್ಟಡ ಒಂದು ಟ್ರಸ್ಟಿನ ವಾಚನಾಲಯ. ದಪ್ಪ ಕೆಂಪುಕಲ್ಲಿನ ಗೋಡೆ, ಎತ್ತರದ ಹಂಚಿನ ಮಾಡು, ನಡುನಡುವೆ ಗಾಜಿನ ಹಂಚು. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆ ಬಂದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ನಾನು ಕೊಟ್ಟಾರದ ಒಂದು ಸಣ್ಣ ಆಫೀಸಿನಲ್ಲಿ ಎಂಜಿನಿಯರ್. ಕಟ್ಟಡಗಳು ಕರೆಂಟನ್ನು ಎಲ್ಲೆಲ್ಲಿ ಪೋಲು ಮಾಡುತ್ತವೆ ಎಂದು ಅಳೆದು ನೋಡುವುದು, ಯಾವ ಯಂತ್ರ ಬದಲಿಸಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂದು ವರದಿ ಬರೆಯುವುದು ನನ್ನ ಕೆಲಸ. ವಾಚನಾಲಯದವರು ನಮ್ಮನ್ನು ಕರೆದದ್ದು ಸರಳವಾದ ಪ್ರಶ್ನೆಗೆ. ಫ್ಯಾನು, ದೀಪ, ನೀರಿನ ಪಂಪು ಎಲ್ಲ ಹಳೆಯವಾಗಿವೆ. ಎಸಿ ಹಾಕಿಸಿ ಎಂದು ಕೆಲವು ಸದಸ್ಯರು ಒತ್ತಾಯಿಸುತ್ತಿದ್ದಾರೆ. ಹಾಕಬೇಕೇ, ಬೇಡವೇ?

ಜನವರಿಯ ಒಂದು ಬೆಳಿಗ್ಗೆ ನಾನು ಏಣಿ ಹತ್ತಿ ತಾಪಮಾನ ದಾಖಲಿಸುವ ಬಿಳಿ ಪೆಟ್ಟಿಗೆಗಳನ್ನು ಮಾಡಿನ ಪಕ್ಕಾಸಿನ ಮರಕ್ಕೆ ಕಟ್ಟುತ್ತಿದ್ದೆ. ಮೇಜುಗಳ ಬದಿಗೆ ಆಗಲೇ ಕೆಲವನ್ನು ಕಟ್ಟಿಯಾಗಿತ್ತು. ಕೆಳಗೆ ಏಣಿ ಹಿಡಿದು ನಿಂತವರು ಅಲ್ಲಿನ ಕೆಲಸದ ಹೆಂಗಸು. ಬೀಗ ತೆಗೆಯುವುದು, ಪುಸ್ತಕಗಳ ಧೂಳು ಒರೆಸುವುದು, ಹಗ್ಗ ಎಳೆಯುವುದು, ಇಷ್ಟು ಅವರ ಕೆಲಸ. ವಯಸ್ಸು ಐವತ್ತು ದಾಟಿತ್ತು.

"ಇದೆಂತ ಮೇಡಂ, ಸಾಬೂನು ಪೆಟ್ಟಿಗೆಯಾ?"

"ಎಷ್ಟು ಬಿಸಿ ಉಂಟು ಅಂತ ಬರೆದಿಟ್ಟುಕೊಳ್ತದೆ, ಅಕ್ಕ."

"ಅದಕ್ಕೆ ಪೆಟ್ಟಿಗೆ ಯಾಕೆ ಮಾರಾಯ್ತಿ? ನನ್ನ ಹತ್ರ ಕೇಳಿದ್ರೆ ಹೇಳ್ತಿದ್ದೆ. ಏಣಿ ಕೂಡ ಬೇಡ."

ಎರಡು ತಿಂಗಳು ನಾನು ವಾರಕ್ಕೆರಡು ಸಲ ಹೋದೆ. ಅಷ್ಟರಲ್ಲಿ ಅವರು 'ಮೇಡಂ' ಬಿಟ್ಟು 'ಮಗಾ' ಎನ್ನುತ್ತಿದ್ದರು. ಪೆಟ್ಟಿಗೆಗಳಿಂದ ತೆಗೆದ ಅಂಕಿಗಳನ್ನು ಆಫೀಸಿನಲ್ಲಿ ಹರಡಿ ನೋಡಿದಾಗ ನನಗೆ ಮೊದಲು ನಂಬಿಕೆ ಬರಲಿಲ್ಲ. ಹೊರಗೆ ಸುಡುವ ಮಧ್ಯಾಹ್ನದಲ್ಲೂ ಒಳಗೆ ಓದುವ ಮೇಜಿನ ಎತ್ತರದಲ್ಲಿ ಹಿತವಾಗಿತ್ತು. ಒಂದು ದಿನ ಮಾತ್ರ ಒಳಗಿನ ಬಿಸಿಯ ಗೆರೆ ಹೊರಗಿನ ಬಿಸಿಯ ಜೊತೆಗೇ ಮೇಲೆ ಹೋಗಿತ್ತು. ವಿಚಾರಿಸಿದರೆ ಆ ದಿನ ಅವರು ಸಂಬಂಧಿಕರ ಮದುವೆಗೆಂದು ರಜೆ ಹಾಕಿದ್ದರು. ತಂಪು ಇದ್ದದ್ದು ಕಟ್ಟಡದಲ್ಲಿ ಮಾತ್ರ ಅಲ್ಲ, ಹಗ್ಗ ಎಳೆಯುವ ಕ್ರಮದಲ್ಲೂ.

ಕ್ರಮ ಹೀಗಿತ್ತು. ಬೆಳಿಗ್ಗೆ ಮೂಡು ಬದಿ ಮೂರನೆಯ ಗಂಟಿಗೆ. ಸಮುದ್ರದ ಗಾಳಿ ಶುರುವಾದ ಮೇಲೆ ಪಡು ಬದಿ ಐದಕ್ಕೆ, ಮೂಡು ಒಂದಕ್ಕೆ. ಸಂಜೆಯ ಬಿಸಿಲು ಪಡುವಣದಿಂದ ಮಾಡಿನ ಕೆಳಗೆ ನುಗ್ಗುವಾಗ ಆ ಬದಿಯನ್ನು ಇಳಿಸಿ ಮೂಡು ಬದಿಯನ್ನು ಐದಕ್ಕೆ.

"ಪಡು ಬದಿ ತೆರೆಯುವುದು ಎಷ್ಟು ಗಂಟೆಗೆ ಅಕ್ಕ?" ಪುಸ್ತಕ ತೆರೆದು ಕೇಳಿದೆ.

"ಗಂಟೆ ಎಲ್ಲ ಇಲ್ಲ. ನಂತೂರಿನ ಲಾರಿ ಕೇಳುವುದು ನಿಂತಾಗ."

ಅರ್ಥವಾಗದೆ ನಾನು ಪುಸ್ತಕದಿಂದ ಪೆನ್ನು ಎತ್ತಿದೆ. ಅವರು ಬಾಗಿಲ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರು. ಬೆಳಗಿನ ಗಾಳಿ ಮೂಡು ಕಡೆಯಿಂದ ಬರುವುದರಿಂದ ಅದೇ ದಿಕ್ಕಿನಲ್ಲಿರುವ ನಂತೂರು ಜಂಕ್ಷನ್ನಿನ ಹಾರ್ನು, ಬ್ರೇಕಿನ ಉಸ್ಸೆಂಬ ಸದ್ದು ಎಲ್ಲ ತೇಲಿಕೊಂಡು ಬರುತ್ತಿತ್ತು. ಹನ್ನೊಂದರ ಸುಮಾರಿಗೆ, ಕೆಲವು ದಿನ ಅದಕ್ಕೂ ತಡವಾಗಿ, ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬೀಸತೊಡಗಿದಾಗ, ಸದ್ದು ನೀರಿಗೆ ಹಾಕಿದ ಹಾಗೆ ಅಡಗಿಬಿಡುತ್ತಿತ್ತು. ಆಗ ಅವರು ಎದ್ದು ಪಡು ಬದಿಯ ಹಗ್ಗಗಳ ಕಡೆ ನಡೆಯುತ್ತಿದ್ದರು.

"ಮಧ್ಯಾಹ್ನದ ಮೇಲೆ ಲಾರಿ ಒಮ್ಮೆಲೇ ಜೋರಾಗಿ ಕೇಳಿದರೆ?"

"ಓಡುವುದು! ಮೂಡು ಬದಿ ಎಲ್ಲ ಬಂದ್. ಮೇ ತಿಂಗಳ ಗುಡುಗು ಮಳೆ ಬರುವುದು ಆ ಬದಿಯಿಂದಲೇ ಅಲ್ಲವಾ? ಲಾರಿ ಕೇಳಿ ಹತ್ತು ನಿಮಿಷ ಇಲ್ಲ, ಮಳೆ ಒಳಗೆ."

ನಾನು ಅದನ್ನೂ ಬರೆದುಕೊಂಡೆ. ಆ ದಿನವೇ ಅವರು ನನ್ನನ್ನು ಕೇಳಿದ್ದು. ಬೆಂಚಿನ ಮೇಲೆ ಕೂತು ಸೀರೆಯ ಮೇಲಿಂದಲೇ ಮೊಣಕಾಲು ತಿಕ್ಕುತ್ತಿದ್ದರು.

"ಇದೆಲ್ಲ ಬರೆದು ನನ್ನ ಹೊಟ್ಟೆಗೆ ಹೊಡೀಲಿಕ್ಕೆ ಇಲ್ಲ ಅಲ್ಲವಾ ಮಗಾ? ಈ ಕಾಲಿನಲ್ಲಿ ಇನ್ನು ನೆಲ ಒರೆಸ್ಲಿಕ್ಕೆ, ಪಾತ್ರೆ ತೊಳೀಲಿಕ್ಕೆ ಕುಕ್ಕರುಗಾಲಲ್ಲಿ ಕೂರ್ಲಿಕ್ಕೆ ಆಗುವುದಿಲ್ಲ. ಹಗ್ಗ ಎಳೀಲಿಕ್ಕೆ ಕೈ ಸಾಕು. ಇನ್ನೊಂದು ಐದು ವರ್ಷ ಹೀಗೆ ಹೋದ್ರೆ ಸಾಕು ನನಗೆ."

"ನಿಮ್ಮ ಕೆಲಸಕ್ಕೆ ಎಂತ ಆಗುವುದಿಲ್ಲ ಅಕ್ಕ," ಎಂದೆ. "ನಿಮ್ಮಿಂದಾಗಿಯೇ ಎಸಿ ಬೇಡ ಅಂತ ಬರೀತೇನೆ."

ಹಾಗೆಯೇ ಬರೆದೆ. ಫ್ಯಾನು, ದೀಪ, ಪಂಪು ಬದಲಿಸಿ, ಎಸಿ ಬೇಡ, ವೆಂಟಿಲೇಟರುಗಳನ್ನು ಈಗಿನಂತೆಯೇ ಬಳಸಿ. ಗಲ್ಫಿನಲ್ಲಿ ಎಸಿ ರಿಪೇರಿಯ ಕೆಲಸದಲ್ಲಿರುವ ನನ್ನ ತಂದೆ, ನಮ್ಮ ಮನೆಮಾತಿನಲ್ಲಿ ಉಪ್ಪ, ಫೋನಿನಲ್ಲಿ ಕೇಳಿ ನಕ್ಕರು. "ನಾನು ಇಲ್ಲಿ ಎಸಿ ಬಿಚ್ಚಿ ಬಿಚ್ಚಿ ನಿನ್ನನ್ನು ಓದಿಸಿದ್ದು, ನೀನು ಅಲ್ಲಿ ಎಸಿ ಬೇಡ ಅಂತ ಬರೀಲಿಕ್ಕಾ?" ಅವರ ದನಿಯಲ್ಲಿ ಹೆಮ್ಮೆ ಇತ್ತು. ನನಗೂ ಇತ್ತು.

ನಮ್ಮ ಆಫೀಸಿನ ವರದಿಗೆ ಒಂದು ನಿಗದಿತ ನಮೂನೆ ಇದೆ. ಅದರ ಕೊನೆಯ ಪುಟದಲ್ಲಿ ಅಪಾಯಗಳ ಪಟ್ಟಿ. ಪ್ರತಿಯೊಂದು ವ್ಯವಸ್ಥೆ ಯಾವುದನ್ನು ಅವಲಂಬಿಸಿದೆ, ಅದು ತಪ್ಪಿದರೆ ಏನು ಎಂದು ತುಂಬಬೇಕು. ವೆಂಟಿಲೇಟರುಗಳ ಎದುರು ನಾನು ಬರೆದ ಇಂಗ್ಲಿಷ್ ವಾಕ್ಯದ ಅರ್ಥ ಇಷ್ಟು: ಇಡೀ ವ್ಯವಸ್ಥೆ ಒಬ್ಬರೇ ವ್ಯಕ್ತಿಯ ಅನುಭವದ ಮೇಲೆ ನಿಂತಿದೆ, ಲಿಖಿತ ವಿಧಾನ ಇಲ್ಲ, ಅಪಾಯ ಹೆಚ್ಚು. ಪರಿಹಾರ ಎಂಬಲ್ಲಿ, ವಿಧಾನವನ್ನು ಬರೆದು ಗೋಡೆಗೆ ಹಾಕಿ, ಇನ್ನೊಬ್ಬರಿಗೂ ಕಲಿಸಿ ಎಂದು ಸೇರಿಸಿದೆ. ವಾಕ್ಯದಲ್ಲಿ ತಪ್ಪಿರಲಿಲ್ಲ. ಈಗ ಓದಿದರೂ ತಪ್ಪು ಕಾಣುವುದಿಲ್ಲ.

ಗೋಡೆಗೆ ಹಾಕುವ ಹಾಳೆಯನ್ನೂ ನಾನೇ ಕನ್ನಡದಲ್ಲಿ ತಯಾರಿಸಿದೆ. ಲಾರಿಯ ಸದ್ದು ಎಂದು ಅದರಲ್ಲಿ ಹೇಗೆ ಬರೆಯುವುದು? ನಾಲ್ಕು ಜನ ನೋಡುವ ಹಾಳೆ, ಕೆಳಗೆ ನಮ್ಮ ಆಫೀಸಿನ ಹೆಸರು. ಎರಡು ತಿಂಗಳ ದಾಖಲೆಯಿಂದ ಸರಾಸರಿ ತೆಗೆದು ಗಂಟೆಗಳನ್ನು ಹಾಕಿದೆ. ಬೆಳಿಗ್ಗೆ ಏಳಕ್ಕೆ ಮೂಡು ಮೂರು. ಹನ್ನೊಂದೂಕಾಲಿಗೆ ಪಡು ಐದು, ಮೂಡು ಒಂದು. ನಾಲ್ಕಕ್ಕೆ ಪಡು ಎರಡು, ಮೂಡು ಐದು. ಲ್ಯಾಮಿನೇಟ್ ಮಾಡಿಸಿ ಕೊಟ್ಟೆ. ನೋಡಲು ಅಚ್ಚುಕಟ್ಟಾಗಿತ್ತು.

ಮಾರ್ಚ್ ಕೊನೆಗೆ ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಕರೆಸಿದರು. ಹೋಟೆಲು ನಡೆಸಿ ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರು. ಗಟ್ಟಿ ದನಿಯಲ್ಲಿ ಮಾತಾಡಿದವರಲ್ಲ. ವರದಿ ತುಂಬಾ ಚೆನ್ನಾಗಿದೆ, ಕಮಿಟಿ ಒಪ್ಪಿದೆ ಎಂದರು. ಮುಂದಿನ ತಿಂಗಳಿಂದ ಬೀಗ, ಧೂಳು, ಹಗ್ಗದ ಕೆಲಸವನ್ನೆಲ್ಲ ವಾಚ್‌ಮನ್ ನೋಡಿಕೊಳ್ಳುತ್ತಾನೆ ಎಂದೂ ಹೇಳಿದರು.

"ಅಕ್ಕ?" ಎಂದು ಕೇಳಿದೆ.

"ಪಾಪ, ಒಳ್ಳೆಯ ಹೆಂಗಸು. ಆದರೆ ನಾಳೆ ಬೀಳ್ತಾಳೆ, ರಜೆ ಹಾಕ್ತಾಳೆ, ಆಗ ಎಂತ ಮಾಡುವುದು? ನೀವೇ ಬರೆದಿದ್ದೀರಲ್ಲ ಮೇಡಂ." ಕೊನೆಯ ಪುಟ ತೆರೆದು ನನ್ನ ವಾಕ್ಯದ ಕೆಳಗೆ ಬೆರಳಿಟ್ಟರು. ಯಾರೋ ಅದಕ್ಕೆ ಹಳದಿ ಬಣ್ಣ ಬಳಿದಿದ್ದರು.

"ಸರ್, ನಾನು ಹೇಳಿದ್ದು ಇನ್ನೊಬ್ಬರಿಗೂ ಕಲಿಸಿ ಅಂತ. ಅವರನ್ನು ಬಿಡಿ ಅಂತ ಅಲ್ಲ."

"ಕಲಿಸಿದ್ದಾಯ್ತಲ್ಲ. ಕಾಗದ ಉಂಟಲ್ಲ."

ನನ್ನದು ನಿಧಾನವಾಗಿ ಮಾತಾಡುವ ಸ್ವಭಾವ. ಸರಿಯಾದ ಶಬ್ದ ಸಿಗುವಷ್ಟರಲ್ಲಿ ಅವರು ಎದ್ದು ನಿಂತಿದ್ದರು.

ಹೊರಗೆ ಹಾಲಿನಲ್ಲಿ ಅಕ್ಕ ಗೋಡೆಯ ಹಾಳೆಯ ಎದುರು ನಿಂತಿದ್ದರು. ಸುದ್ದಿ ಅವರಿಗೆ ಬೆಳಿಗ್ಗೆಯೇ ಸಿಕ್ಕಿತ್ತು. ಒಂದೊಂದು ಸಾಲಿನ ಕೆಳಗೂ ಬೆರಳು ಸರಿಸುತ್ತ ಓದಿ ಮುಗಿಸಿದರು.

"ಚೆಂದ ಬರೆದಿದ್ದೀರಿ. ಇದರಲ್ಲಿ ಲಾರಿ ಎಲ್ಲುಂಟು?"

"ಹಾಕಲಿಲ್ಲ ಅಕ್ಕ."

"ಯಾಕೆ, ಲಾರಿಯವರು ಬಾಡಿಗೆ ಕೇಳ್ತಾರೆ ಅಂತವಾ?" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ನಾನು ಅವರಿಗೆ ಕೊಟ್ಟ ಮಾತನ್ನು ಅವರು ಎತ್ತಲೇ ಇಲ್ಲ. ಪಕ್ಕದ ಹಗ್ಗವನ್ನು ಕೊಕ್ಕೆಗೆ ಸರಿಯಾಗಿ ಸಿಕ್ಕಿಸುತ್ತ, "ಯಾವತ್ತಾದ್ರೂ ಈ ಹಗ್ಗ ಬಿಸಾಡುವುದಾದ್ರೆ ನನಗೆ ಕೊಡಿ. ಬಟ್ಟೆ ಒಣಗಿಸ್ಲಿಕ್ಕೆ ಆಗ್ತದೆ," ಎಂದರು. ಅದೂ ತಮಾಷೆ ಎಂದೇ ಅಂದುಕೊಂಡೆ.

ವಾಚ್‌ಮನ್ ಒಳ್ಳೆಯ ಮನುಷ್ಯ. ಹಾಳೆಯಲ್ಲಿ ಇದ್ದದ್ದನ್ನು ನಿಮಿಷ ತಪ್ಪದೆ ಮಾಡಿದ. ಮೇ ತಿಂಗಳ ಒಂದು ದಿನ ನಾಲ್ಕು ಗಂಟೆಗೆ ಮೂಡು ಬದಿಯ ಆರೂ ಹಗ್ಗಗಳನ್ನು ಐದನೆಯ ಗಂಟಿಗೆ ಸಿಕ್ಕಿಸಿ ಗೇಟಿಗೆ ಹೋದ. ನಾಲ್ಕೂವರೆಗೆ ಮೂಡಣದಿಂದ ಗುಡುಗು ಮಳೆ ಬಂತು. ಅವನು ಓಡಿ ಬಂದು ಹಗ್ಗ ಬಿಚ್ಚುವಷ್ಟರಲ್ಲಿ ಮೇಜುಗಳ ಮೇಲೆ ನೀರು, ಮಕ್ಕಳ ನೋಟ್ಸು ಒದ್ದೆ, ಗೋಡೆಯ ಬದಿಯ ಕಪಾಟಿನಲ್ಲಿದ್ದ ಹಳೆಯ ಪತ್ರಿಕೆಗಳ ಸಂಪುಟಗಳು ನೀರು ಕುಡಿದು ಉಬ್ಬಿದ್ದವು.

ಮರುದಿನ ಕರೆ ಬಂದ ಕೂಡಲೇ ಹೋದೆ. ಸಂಪುಟಗಳನ್ನು ಜಗಲಿಯಲ್ಲಿ ಬಿಡಿಸಿಟ್ಟಿದ್ದರು. ಪುಟಗಳು ಒಂದಕ್ಕೊಂದು ಅಂಟಿದ್ದವು. ಕಾರ್ಯದರ್ಶಿಯವರಿಗೆ ಎಲ್ಲವನ್ನೂ ಹೇಳಿದೆ. ತಪ್ಪು ವಾಚ್‌ಮನ್‌ನದ್ದಲ್ಲ, ಹಾಳೆಯದ್ದು, ಅಂದರೆ ನನ್ನದು. ಗಾಳಿ ತಿರುಗುವುದನ್ನು ಅಕ್ಕ ಸದ್ದಿನಿಂದ ತಿಳಿಯುತ್ತಿದ್ದರು, ನಾನು ಅದನ್ನು ಬಿಟ್ಟೆ. ಅವರನ್ನು ವಾಪಸು ಕರೆದರೆ ಹೀಗಾಗುವುದಿಲ್ಲ.

ಕಾರ್ಯದರ್ಶಿ ತಾಳ್ಮೆಯಿಂದ ಕೇಳಿದರು. "ಲಾರಿ ಹಾರ್ನ್ ಕೇಳಿ ಕಟ್ಟಡ ನಡೆಸುವುದಾ ಮೇಡಂ?" ಎಂದರು. ಗೇಲಿ ಮಾಡಿದ್ದಲ್ಲ, ಸುಸ್ತಾಗಿದ್ದರು. "ಇನ್ನು ಈ ಹಗ್ಗದ ಸಹವಾಸವೇ ಬೇಡ. ಎಲ್ಲ ಮುಚ್ಚಿ ಎಸಿ ಹಾಕಿಬಿಡುವ."

ಕೆಲಸ ನಮ್ಮ ಆಫೀಸಿಗೇ ಬಂತು. ನಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ ಎಂದರು ನಮ್ಮ ಯಜಮಾನರು. ಕಟ್ಟಡವನ್ನು ಅಳೆದವಳು ನಾನಾದ್ದರಿಂದ ಎಸಿ ಎಷ್ಟು ದೊಡ್ಡದು ಬೇಕು ಎಂಬ ಲೆಕ್ಕವೂ ನನ್ನ ಪಾಲಿಗೆ ಬಂತು. ಆ ಲೆಕ್ಕದಲ್ಲಿ ಗಾಳಿ ನುಸುಳುವ ಪ್ರತಿಯೊಂದು ಸಂದಿಯೂ ದೋಷ. ಮೊದಲ ವರದಿಯಲ್ಲಿ ನಾನು ಗುಣ ಎಂದು ಬರೆದ ಸಂದಿಗಳನ್ನೇ ಒಂದೊಂದಾಗಿ ಮುಚ್ಚಬೇಕೆಂದು ಬರೆದೆ. ಹಂಚುಗಳ ನಡುವಿನ ಸಂದಿ, ಹಂಚು ಕೂರುವ ರೀಪಿನ ಪಟ್ಟಿಯ ಕೆಳಗಿನ ಸಂದಿ, ಹನ್ನೆರಡು ವೆಂಟಿಲೇಟರು. ಉಪ್ಪನಿಗೆ ಇದನ್ನು ಹೇಳಲಿಲ್ಲ.

ಮಳೆಗಾಲದಲ್ಲಿ ಕೆಲಸ ನಡೆಯಿತು. ಅಂಚುಗಳಿಗೆಲ್ಲ ಫೋಮ್ ತುಂಬಿದರು, ಕೆಳಗೆ ಬಿಳಿಯ ಫಾಲ್ಸ್ ಸೀಲಿಂಗ್ ಬಂತು. ಮಾಡು ಸೋರಿದರೂ ಇನ್ನು ಯಾರಿಗೂ ಬೇಗ ತಿಳಿಯುವುದಿಲ್ಲ. ನೀರು ಸೀಲಿಂಗಿನ ಮೇಲೆ ನಿಂತು, ಪಕ್ಕಾಸಿನ ಬುಡ ಮೆದುವಾಗಿ, ಕಲೆ ಕೆಳಗೆ ಇಳಿದ ಮೇಲೆಯೇ ಗೊತ್ತಾಗುವುದು. ಅದನ್ನೂ ಬರೆದು ಕೊಟ್ಟಿದ್ದೆ. ಆ ಸಾಲಿಗೆ ಯಾರೂ ಹಳದಿ ಬಳಿಯಲಿಲ್ಲ.

ಎಸಿ ಚಾಲೂ ಮಾಡಿದ ದಿನ ನಾನು ಹೋಗಲೇಬೇಕಿತ್ತು. ಗಾಜಿನ ಹಂಚುಗಳು ಸೀಲಿಂಗಿನ ಮೇಲೆ ಉಳಿದಿದ್ದರಿಂದ ನಡುಹಗಲಲ್ಲೇ ದೀಪ ಉರಿಯುತ್ತಿತ್ತು. ಹುಡುಗಿಯರು ದುಪ್ಪಟ್ಟಾ ಹೊದ್ದು ಓದುತ್ತಿದ್ದರು. ಹೊರಗಿನ ಯಾವ ಸದ್ದೂ ಒಳಗೆ ಬರುತ್ತಿರಲಿಲ್ಲ. ಬಂದವರೆಲ್ಲ ಅದನ್ನೇ ಹೊಗಳಿದರು.

ಕಾಫಿಯ ಹೊತ್ತಿಗೆ ಕಾರ್ಯದರ್ಶಿಯವರ ಹತ್ತಿರ ಹೋಗಿ ಕೊನೆಯ ಸಲ ಕೇಳಿದೆ. ಈ ಸಲ ಮಾತನ್ನು ಮನೆಯಲ್ಲೇ ಜೋಡಿಸಿಕೊಂಡು ಬಂದಿದ್ದೆ. ಅಕ್ಕ ಈಗ ಅಡುಗೆ ಕಂಟ್ರಾಕ್ಟಿನವರಲ್ಲಿ ದೊಡ್ಡ ಪಾತ್ರೆ ತೊಳೆಯುತ್ತಿದ್ದಾರೆ ಎಂದು ವಾಚ್‌ಮನ್ ಹೇಳಿದ್ದ. ಅವರ ಮೊಣಕಾಲಿಗೆ ಅದು ಆಗುವ ಕೆಲಸವಲ್ಲ. ಇಲ್ಲಿ ಧೂಳು ಒರೆಸಲಿಕ್ಕೆ, ಬಾಗಿಲು ತೆರೆಯಲಿಕ್ಕಾದರೂ ಕರೆಯಬಹುದಲ್ಲ?

"ಈಗ ತೆರೆಯಲಿಕ್ಕೆ ಎಂತ ಉಂಟು ಮೇಡಂ?" ಎಂದರು ಅವರು, ಮೆಲ್ಲಗೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದು. ಒರೆಸುವುದನ್ನು ಏಜೆನ್ಸಿಗೆ ವಹಿಸಿಯಾಗಿತ್ತು. ನನಗೆ ಕಾಫಿ ತರಿಸಿಕೊಟ್ಟರು, ಕುಡಿದೆ. ಹೊರಗೆ ಬರುವಾಗ ಜಗಲಿಯ ಮೂಲೆಯಲ್ಲಿ ಗುಜರಿಗೆಂದು ರಾಶಿ ಹಾಕಿದ ಹಳೆಯ ಫ್ಯಾನುಗಳ ಮೇಲೆ ಹಗ್ಗಗಳು ಕಂಡವು. ಅಷ್ಟು ಜನರ ಎದುರು ಅವನ್ನು ಎತ್ತಿಕೊಳ್ಳಲು ಸಂಕೋಚವಾಯಿತು.

ಮರುದಿನ ಬೆಳಿಗ್ಗೆ ಗುಜರಿಯವನು ಬರುವ ಮೊದಲೇ ಹೋದೆ. ವಾಚ್‌ಮನ್ ಏನೂ ಕೇಳದೆ ಗೇಟು ತೆಗೆದ. ಹನ್ನೆರಡು ಹಗ್ಗಗಳನ್ನು ಎಣಿಸಿ, ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕಿದೆ. ಅಕ್ಕನ ಮನೆ ನಂತೂರಿನಲ್ಲಿ ಹೆದ್ದಾರಿಯ ಹಿಂದಿನ ಓಣಿಯಲ್ಲಿದೆ ಎಂದು ಅವನೇ ಹೇಳಿದ. ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೀಗ ಇತ್ತು, ಅವರು ಕೆಲಸಕ್ಕೆ ಹೋಗಿಯಾಗಿತ್ತು. ಅಲ್ಲಿ ಗಾಳಿ ಯಾವ ಬದಿಯಿಂದ ಬೀಸಿದರೂ ಲಾರಿಯ ಸದ್ದು ಒಂದೇ. ಚೀಟಿ ಬರೆಯಲು ಪೆನ್ನು ತೆಗೆದೆ, ಮತ್ತೆ ಒಳಗಿಟ್ಟೆ. ಚೀಲವನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಬಿದ್ದುಹೋಗದಂತೆ ಇನ್ನೊಂದು ಗಂಟು ಹಾಕಿ, ಜಂಕ್ಷನ್ನಿಗೆ ನಡೆದು ಬಂದು ಕೊಟ್ಟಾರದ ಬಸ್ಸು ಹತ್ತಿದೆ.