ನನಗೆ ಸಿಕ್ಕ ಕ್ಷಮಾದಾನ

ನಾನು ಕೆಲಸಕ್ಕೆಂದು ಬಂದ ಪರದೇಶದ ಊರು ಪುಚೊಂಗ್‌ನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ನಾನೂ ನನ್ನ ಆಫೀಸಿನಲ್ಲೇ ಕೆಲಸ ಮಾಡುವ ಇಂಗ್ಲೆಂಡಿನ ಮಾರ್ಟಿನ್ನೂ ಊಟಕ್ಕೆ ಕೂತಿದ್ದೆವು. ಯಾವುದೋ ದೇಶದ ಅಧ್ಯಕ್ಷ ತನ್ನವರಿಗೆಲ್ಲ ಕ್ಷಮಾದಾನ ಹಂಚಿದ್ದು ಟೀವಿಯಲ್ಲಿ ಬರುತ್ತಿತ್ತು. ಅದರ ಬೆನ್ನಿಗೇ, ಅಲ್ಲಿನ ಅಧಿಕಾರಿಗಳು ಮೈಬಣ್ಣ ನೋಡಿ ವಲಸಿಗರನ್ನು ಹಿಡಿಯುತ್ತಾರೆಂಬ ಸುದ್ದಿ.

"ಎಲ್ಲ ಉತ್ಪ್ರೇಕ್ಷೆ," ಅಂದ ಮಾರ್ಟಿನ್, ರೋಟಿ ಚನಾಯ್ ಹರಿಯುತ್ತ. "ಅವರು ನೋಡೋದು ಕಾಗದಪತ್ರ, ಮುಖ ಅಲ್ಲ. ಕ್ಷಮಾದಾನವೂ ಅಷ್ಟೇ, ಯೋಗ್ಯರಿಗೇ ಸಿಗುತ್ತೆ." ಜಗತ್ತಿನ ಎಲ್ಲ ಕಚೇರಿಗಳ ವಕಾಲತ್ತು ಇವನಿಗೇ ಕೊಟ್ಟಿದ್ದಾರೇನೋ ಅನ್ನಿಸಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಇಲ್ಲಿನ ಇಮಿಗ್ರೇಷನ್‌ನವರೇ ತಪಾಸಣೆಗೆ ಒಳಗೆ ಬಂದರು. ನಮ್ಮ ಟೇಬಲ್ಲಿಗೆ ಬಂದ ಅಧಿಕಾರಿ ಕೈ ಚಾಚಿದ್ದು ನನ್ನೊಬ್ಬನ ಕಡೆಗೆ. ಪಾಸ್‌ಪೋರ್ಟ್ ಮನೆಯಲ್ಲಿತ್ತು, ಜೆರಾಕ್ಸ್ ಕೊಟ್ಟೆ. ಅವನು ಒಮ್ಮೆ ಅದನ್ನು, ಒಮ್ಮೆ ನನ್ನ ಮುಖವನ್ನು ಮತ್ತೆ ಮತ್ತೆ ನೋಡಿದ. ಅಕ್ಕಪಕ್ಕದವರು ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಒರಿಜಿನಲ್ ಇಲ್ಲದೆ ಓಡಾಡೋದು ತಪ್ಪು. ಈ ಸಲ ಕ್ಷಮಿಸಿದ್ದೀನಿ," ಅಂದ. ನಾನು ಎಂಜಲು ಕೈಯಲ್ಲೇ ನಿಂತು ಥ್ಯಾಂಕ್ಸ್ ಹೇಳಿದೆ. ಆಮೇಲೆ ಅವನು ಮಾರ್ಟಿನ್ ಕಡೆ ತಿರುಗಿ, "ಊಟದ ಮಧ್ಯೆ ತೊಂದರೆ ಕೊಟ್ಟೆ, ಸಾರಿ ಬಾಸ್," ಅಂದು ಹೊರಟ.

"ನೋಡು, ಎಷ್ಟು ಮರ್ಯಾದೆಯ ಜನ," ಅಂದ ಮಾರ್ಟಿನ್. ಆಮೇಲೆ ದನಿ ತಗ್ಗಿಸಿದ. "ಸದ್ಯ, ನನ್ನನ್ನ ಕೇಳಲಿಲ್ಲ. ಇಲ್ಲಿ ಕೆಲಸ ಮಾಡೋಕೆ ಕೊಟ್ಟ ನನ್ನ ಪಾಸ್ ಹೋದ ತಿಂಗಳೇ ಮುಗಿದಿದೆ. ರಿನ್ಯೂ ಮಾಡಿಸೋಕೆ ಪುರುಸೊತ್ತೇ ಆಗಿಲ್ಲ."

ಕ್ಷಮಾದಾನ ಯೋಗ್ಯರಿಗೇ ಸಿಗುತ್ತದೆ ಅಂದಿದ್ದನಲ್ಲ, ನನಗೆ ಸಿಕ್ಕಿತು. ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ.